ಅಮ್ಮಣಿ ತುದಿ ಕೊಯ್ದ ನೇಜಿ

ಬಾಡಿದ ಭತ್ತದ ಬುಡ ಎಳೆದರೆ ಕಿತ್ತು ಬರಲಿಲ್ಲ.

ಅಮ್ಮಣಿ ಮೊದಲು ಗದ್ದೆಯ ಬದುವಾದ ಹುಣಿಯ ಮೇಲಿಂದಲೇ ಬಗ್ಗಿ ಎರಡು ಬೆರಳಲ್ಲಿ ಎಳೆದು ನೋಡಿದಳು. ಆಮೇಲೆ ಗದ್ದೆಗೆ ಇಳಿದು ಮುಷ್ಟಿಯಲ್ಲಿ ಹಿಡಿದು ಎಳೆದಳು. ಕಾಂಡ ಕೊರೆಯುವ ಹುಳ ತಿಂದದ್ದಾದರೆ ಸುಳಿ ಸಲೀಸಾಗಿ ಕೈಗೆ ಬರುತ್ತದೆ, ಬುಡದಲ್ಲಿ ಕಚ್ಚಿದ ಗುರುತು ಇರುತ್ತದೆ. ಇದು ಹಾಗಲ್ಲ. ಎಲೆಗಳು ಸುರುಳಿ ಸುತ್ತಿ ಬೂದಿ ಬಣ್ಣಕ್ಕೆ ತಿರುಗಿದ್ದರೂ ಬೇರು ಗಟ್ಟಿಯಾಗಿ ಕೆಸರು ಕಚ್ಚಿಕೊಂಡಿತ್ತು. ಕೊನೆಗೆ ಬೇರುಸಹಿತ ಕಿತ್ತು ಬುಡವನ್ನು ಹೆಬ್ಬೆರಳಿನಿಂದ ಒತ್ತಿದಾಗ ಹಳದಿ ಅಂಟು ಒಸರಿತು.

ಅವಳು ಗದ್ದೆಯಿಡೀ ಕಣ್ಣು ಹಾಯಿಸಿದಳು. ನೀರು ಒಳಬರುವ ಕಂಡಿಯ ಹತ್ತಿರ ಮಾತ್ರ ಬಾಡಿದ್ದರೆ ಮೇಲಿನ ಗದ್ದೆಯ ನೀರು ತಂದದ್ದು ಎನ್ನಬಹುದಿತ್ತು. ಆದರೆ ಇಲ್ಲಿ ಒಂದು ಬುಡ, ಅಲ್ಲಿ ನಾಲ್ಕು ಮಾರು ದೂರದಲ್ಲಿ ಮೂರು ಬುಡ, ಆ ಮೂಲೆಯಲ್ಲಿ ಮತ್ತೊಂದು. ಕೈಯಲ್ಲಿ ತಂದು ನೆಟ್ಟ ಹಾಗೆ. ನೆಟ್ಟದ್ದು ತನ್ನ ಕೈಯೇ ಅಲ್ಲವೇ ಎಂದು ಅಮ್ಮಣಿಗೆ ಹೊಳೆಯಿತು.

ಬಂದ್ಯೋಡು ಪೇಟೆಯಿಂದ ಒಳಗೆ ಎರಡು ಕಿಲೋಮೀಟರ್ ಹೋದರೆ ಶಿರಿಯ ಹೊಳೆಗೆ ಸೇರುವ ಒಂದು ತೋಡು ಸಿಗುತ್ತದೆ. ಅದರ ಪಕ್ಕದ ಇಳಿಜಾರಿನಲ್ಲಿ ಮೆಟ್ಟಿಲಿನಂತೆ ಇಳಿಯುವ ಗದ್ದೆಗಳಿಗೆ ಕೆದುಬೈಲು ಎಂದು ಹೆಸರು. ಹತ್ತು ವರ್ಷ ಅಲ್ಲಿ ಹುಲ್ಲು ಬಿಟ್ಟರೆ ಬೇರೇನೂ ಬೆಳೆದಿರಲಿಲ್ಲ. ಅದನ್ನು ಮತ್ತೆ ಎಬ್ಬಿಸಿದವಳು ಅಮ್ಮಣಿ. ಹನ್ನೆರಡನೇ ವಯಸ್ಸಿಗೆ ತಾಯಿಯ ಹಿಂದೆ ನೇಜಿ, ಅಂದರೆ ಭತ್ತದ ಸಸಿ, ನೆಡಲು ಹೊರಟವಳು, ನಲವತ್ತು ವರ್ಷ ಬೇರೆಯವರ ಗದ್ದೆಯಲ್ಲಿ ಬೆನ್ನು ಬಗ್ಗಿಸಿದವಳು, ಐವತ್ತೆರಡರಲ್ಲಿ ಕುಟುಂಬಶ್ರೀ ಮಹಿಳಾ ಸಂಘದ ನಾಲ್ಕು ಹೆಂಗಸರನ್ನು ಕಟ್ಟಿಕೊಂಡು ಒಂದೂವರೆ ಎಕರೆ ಗದ್ದೆಯನ್ನು ಗೇಣಿಗೆ ಹಿಡಿದಳು. "ಮುದುಕಿಗೆ ಮರುಳು" ಎಂದು ನಕ್ಕವರೇ ಎರಡನೇ ವರ್ಷ ತಮ್ಮ ತಮ್ಮ ಪಾಲಿನ ಹುಲ್ಲು ಕೆತ್ತಿಸಿದರು. ಈಗ ಹನ್ನೊಂದು ಮನೆಯವರು ಅಲ್ಲಿ ಬೇಸಾಯ ಮಾಡುತ್ತಿದ್ದರು. ಹೆಚ್ಚಿನವರು ನೇಜಿಯನ್ನು ಅವಳಿಂದಲೇ ಒಯ್ಯುತ್ತಿದ್ದರು. ಅಮ್ಮಣಿಯ ನೇಜಿ ಎಂದರೆ ಯಾರೂ ಸೂಡಿಯ ಕಟ್ಟು ಬಿಚ್ಚಿ ನೋಡುತ್ತಿರಲಿಲ್ಲ.

ಈ ವರ್ಷ ಮಳೆ ಕೈಕೊಟ್ಟಿತ್ತು. ಜೂನ್‌ನಲ್ಲಿ ಚೆನ್ನಾಗಿ ಸುರಿದು, ಆಮೇಲೆ ಮೂರು ವಾರ ಮಾಯ. ತೋಡಿನ ಬದಿಯ ಕೆಳಗಿನ ಏಳು ಗದ್ದೆಗಳಿಗೆ ಹೇಗೋ ನೀರಿತ್ತು, ಅವರು ಹೊತ್ತಿಗೆ ಸರಿಯಾಗಿ ನೆಟ್ಟು ಮುಗಿಸಿದರು. ಎಲ್ಲಕ್ಕಿಂತ ಮೇಲಿನ ಗದ್ದೆ ನಿವೃತ್ತ ಮಾಷ್ಟ್ರು ಮಹಾಗಣಪತಿ ಅವರದು. ಅವರಿಗೆ ಸ್ವಂತ ಕೆರೆ, ಪಂಪು, ಸ್ವಂತ ನೇಜಿ. ನಡುವಿನ ಮೂರು ಗದ್ದೆಗಳು ಮಾತ್ರ ಆಕಾಶ ನೋಡುತ್ತ ಉಳಿದವು: ಅಮ್ಮಣಿಯ ಗುಂಪಿನದು, ಅದರ ಕೆಳಗೆ ಬೋಜನದು, ಅದರ ಕೆಳಗೆ ಅವಿನಾಶನದು. ಮಳೆ ಮರಳಿ ಬರುವಾಗ ನೇಜಿ ಮೊಣಕಾಲೆತ್ತರ ಬೆಳೆದಿತ್ತು. ಹಾಗೇ ನೆಟ್ಟರೆ ಗಾಳಿಗೆ ಅಡ್ಡ ಬೀಳುತ್ತದೆ. ಅಮ್ಮಣಿಯ ತಾಯಿ ಮಾಡುತ್ತಿದ್ದ ಉಪಾಯ ಅವಳಿಗೆ ನೆನಪಿತ್ತು. ಸೂಡಿಯನ್ನು ತೊಡೆಗೆ ಒತ್ತಿ ಹಿಡಿದು, ಕತ್ತಿಯಿಂದ ತುದಿಯ ಒಂದು ಗೇಣು ಕೊಯ್ದು ಹಾಕುವುದು. ಎರಡು ದಿನ ಅವಳೂ ಗುಂಪಿನ ಸುಪ್ರೀತಾಳೂ ಕೂತು ಎಲ್ಲ ಸೂಡಿಗಳ ತುದಿ ಕೊಯ್ದರು. ನೇಜಿ ಗದ್ದೆಯ ಒಂದು ಮೂಲೆಯಲ್ಲಿ ಕೆಲವು ಎಲೆಗಳ ಅಂಚು ಹಳದಿಯಾಗಿದ್ದುದನ್ನು ಅಮ್ಮಣಿ ಕಂಡಿದ್ದಳು. ನೀರಿಲ್ಲದೆ ಹಾಗಾಗಿದೆ ಎಂದುಕೊಂಡು ಅದೇ ಕತ್ತಿಯಿಂದ ಅದನ್ನೂ ಕೊಯ್ದಿದ್ದಳು.

ಅದಾಗಿ ಇಂದಿಗೆ ಇಪ್ಪತ್ತಾರು ದಿನ.

ಅವಳು ಕಿತ್ತ ಬುಡವನ್ನು ಬಾಳೆಲೆಯಲ್ಲಿ ಸುತ್ತಿ ಮನೆಗೆ ತಂದಳು. ಹೋದ ವರ್ಷ ಕೃಷಿಭವನದ ತರಬೇತಿಯಲ್ಲಿ ಒಂದು ಪರೀಕ್ಷೆ ತೋರಿಸಿದ್ದರು. ಅದರಂತೆ ಅವಳು ಗಾಜಿನ ಲೋಟದಲ್ಲಿ ತಿಳಿನೀರು ತೆಗೆದುಕೊಂಡು, ಅಂಚು ಹಳದಿಯಾದ ಎಲೆಯನ್ನು ಬ್ಲೇಡಿನಿಂದ ಅಡ್ಡ ಕತ್ತರಿಸಿ, ಕತ್ತರಿಸಿದ ತುದಿ ನೀರಿನಲ್ಲಿ ಮುಳುಗುವಂತೆ ಹಿಡಿದಳು. ಅಷ್ಟರಲ್ಲಿ ಸುಪ್ರೀತಾ ಬಂದು ಬಾಗಿಲಲ್ಲಿ ನಿಂತಳು.

"ಎಂತ ಅಕ್ಕ ಅದು?"

"ಸುಮ್ಮನೆ ನೋಡು."

ಮೊದಲು ಏನೂ ಆಗಲಿಲ್ಲ. ಅಮ್ಮಣಿ ಉಸಿರು ಬಿಟ್ಟಳು. ಮತ್ತೆ ಎರಡು ನಿಮಿಷ ಕಳೆಯುವುದರೊಳಗೆ ಎಲೆಯ ತುದಿಯಿಂದ ಹಾಲಿನಂಥ ಒಂದು ಎಳೆ ನಿಧಾನವಾಗಿ ಕೆಳಗಿಳಿಯಿತು. ಅದರ ಹಿಂದೆ ಇನ್ನೊಂದು. ನೋಡುನೋಡುತ್ತ ಲೋಟದ ತಳ ಕದಡಿತು. ಎಲೆ ಅಂಗಮಾರಿ. ಆ ಕದಡಿದ ನೀರಿನಲ್ಲಿದ್ದುದು ಕಣ್ಣಿಗೆ ಕಾಣದ ಕೋಟಿಗಟ್ಟಲೆ ರೋಗಾಣುಗಳು. ನೀರು ಹರಿದಲ್ಲಿಗೆಲ್ಲ ಹೋಗುವಂಥವು, ಎಲೆಯ ಗಾಯ ಸಿಕ್ಕಿದರೆ ಒಳಗೆ ಸೇರುವಂಥವು.

ಸುಪ್ರೀತಾಳ ಮುಖ ಸಣ್ಣದಾಯಿತು. "ಅಕ್ಕ, ನಾವು ತುದಿ ಕೊಯ್ದದ್ದು..."

"ಹೂಂ."

"ಅದು ಬೇರೆ ಯಾರಿಗೂ ಗೊತ್ತಿಲ್ಲ. ನಾವಿಬ್ಬರೇ ಇದ್ದದ್ದು. ಮೇಲಿಂದ ಮಾಷ್ಟ್ರ ಗದ್ದೆಯ ನೀರು ಬರ್ತದಲ್ಲ? ಅದರಲ್ಲಿ ಬಂದದ್ದು ಅಂತ ಯಾರಾದರೂ ಹೇಳಿದರೆ ನಾವು ಯಾಕೆ ಅಲ್ಲ ಅನ್ನಬೇಕು?"

ಅಮ್ಮಣಿ ಲೋಟದ ನೀರನ್ನು ಅಂಗಳಕ್ಕೆ ಚೆಲ್ಲಲು ಹೋದವಳು ತಡೆದು, ಒಲೆಯ ಬೂದಿಗೆ ಚೆಲ್ಲಿದಳು. ಹೇಳಬಾರದು ಎಂದು ಅವಳೂ ನಿಶ್ಚಯಿಸಿರಲಿಲ್ಲ, ಹೇಳಬೇಕು ಎಂದೂ ಇಲ್ಲ. ಬೋಜಣ್ಣನ ಗದ್ದೆಗೆ ಬಂದಿದೆಯೋ ಇಲ್ಲವೋ, ಅದೊಂದೇ ತಲೆಯಲ್ಲಿ ಓಡುತ್ತಿತ್ತು.

ಬೋಜನಿಗೆ ಎಪ್ಪತ್ತು ದಾಟಿತ್ತು. ಹತ್ತು ವರ್ಷ ಬೀಳು ಬಿಟ್ಟ ಗದ್ದೆಯನ್ನು ಅಮ್ಮಣಿಯ ಮಾತು ನಂಬಿ ಮತ್ತೆ ಉಳುಮೆ ಮಾಡಿದವನು. ಬೆಳಗಿನ ಚಹಾ ಕುಡಿಯುವ ಮೊದಲು ಒಮ್ಮೆ ಹುಣಿ ಸುತ್ತದಿದ್ದರೆ ಅವನಿಗೆ ದಿನ ಶುರುವಾಗುತ್ತಿರಲಿಲ್ಲ. ಅವಳು ಹೋದಾಗ ಅಡಿಕೆ ಹಾಳೆಯ ಮುಟ್ಟಾಳೆ ಟೋಪಿ ಹಿಂದಕ್ಕೆ ಸರಿಸಿ ಗದ್ದೆಯ ನಡುವೆ ನಿಂತಿದ್ದ. ಹುಣಿಯ ಮೇಲೆ ಯೂರಿಯಾದ ಚೀಲ ಇತ್ತು. ಅದರ ಬಾಯಿ ಇನ್ನೂ ಬಿಚ್ಚಿರಲಿಲ್ಲ.

"ಬಾ ಅಮ್ಮಣಿ. ನೋಡು, ಅಲ್ಲಲ್ಲಿ ಹುಳ ಬಿದ್ದಿದೆ. ಬಣ್ಣವೂ ಇಳಿದಿದೆ. ಒಂದು ಕೈ ಯೂರಿಯಾ ಬೀರಿದರೆ ಎದ್ದು ನಿಲ್ತದೆ."

ಯೂರಿಯಾ ಹಾಕಿದರೆ ಎಲೆ ಮೆತ್ತಗಾಗಿ ರೋಗ ವಾರದೊಳಗೆ ಗದ್ದೆಯನ್ನೇ ನುಂಗುತ್ತದೆ ಎಂದು ಅಮ್ಮಣಿಗೆ ಗೊತ್ತಿತ್ತು. ಅವಳು ಅವಸರದಲ್ಲಿ ಚೀಲದ ಮೇಲೆ ಕೈಯಿಟ್ಟಳು.

"ಹಾಕ್ಬೇಡಿ ಬೋಜಣ್ಣ. ಇದು ಹುಳ ಅಲ್ಲ, ರೋಗ. ಕೃಷಿಭವನದ ಮೇಡಂ ಬಂದು ನೋಡುವವರೆಗೆ ಎಂತದೂ ಹಾಕ್ಬೇಡಿ."

"ರೋಗವಾ? ಎಲ್ಲಿಂದ ಬಂತು ಮಾರಾಯ್ತಿ?"

"ಮೇಡಂ ನೋಡಲಿ" ಎಂದಷ್ಟೇ ಹೇಳಿ ಅವಳು ಹೊರಟಳು. ಹಿಂದಿನಿಂದ ಬೋಜ, "ನೀನು ಹೇಳಿದರೆ ಆಯ್ತು" ಎನ್ನುವುದು ಕೇಳಿತು. ಅವನು ಬೈದಿದ್ದರೆ ಇಷ್ಟು ನೋಯುತ್ತಿರಲಿಲ್ಲ.

ಗಂಡ ಕುಂಞ ಬಂದ್ಯೋಡಿನಲ್ಲಿ ಆಟೋ ಓಡಿಸುವವನು. ಬಾಡಿಗೆ ಬಿಟ್ಟು ಬಂದು ಅವಳನ್ನು ಕೃಷಿಭವನಕ್ಕೆ ಕರೆದೊಯ್ದ. ದಾರಿಯಲ್ಲಿ ಅವಳು ಎಲ್ಲವನ್ನೂ ಅವನಿಗೆ ಹೇಳಿದಳು. ಕುಂಞ ಕೇಳಿಸಿಕೊಂಡು ಆಕಾಶದತ್ತ ನೋಡಿದ. ಆಮೇಲೆ, "ನಾಡಿದ್ದಿನಿಂದ ಆರೆಂಜ್ ಅಲರ್ಟ್ ಅಂತೆ, ರೇಡಿಯೋದಲ್ಲಿ ಹೇಳಿದರು" ಎಂದ. ಅಷ್ಟೇ. ಆದರೆ ಅದರ ಅರ್ಥ ಇಬ್ಬರಿಗೂ ಆಗಿತ್ತು. ಮೂರು ದಿನ ಗಾಳಿ ಮಳೆ ಬಂದರೆ ಹುಣಿಗಳು ತುಂಬಿ ಹರಿಯುತ್ತವೆ. ಮೂರು ಗದ್ದೆಯಲ್ಲಿರುವುದು ಹತ್ತು ಗದ್ದೆಗೆ ಇಳಿಯುತ್ತದೆ.

ಕೃಷಿ ಆಫೀಸರ್ ಶ್ರೀರಂಜಿನಿ ಮೂವತ್ತು ದಾಟದ ಹುಡುಗಿ. ಬಾಳೆಲೆ ಬಿಚ್ಚಿ ನೋಡಿದವಳೇ ಬೂಟು ಹಾಕಿಕೊಂಡು ಆಟೋ ಹತ್ತಿದಳು. ಮಧ್ಯಾಹ್ನದ ಹೊತ್ತಿಗೆ ಪಾಡಶೇಖರ ಸಮಿತಿಯ, ಅಂದರೆ ಬಯಲಿನ ಬೇಸಾಯಗಾರರ ಸಂಘದ ಎಲ್ಲರೂ ಹುಣಿಯ ಮೇಲೆ ಸೇರಿದರು. ಶ್ರೀರಂಜಿನಿ ಗದ್ದೆಯಿಂದ ಗದ್ದೆಗೆ ಇಳಿದು, ಎಲೆ ಹರಿದು, ಬುಡ ಒತ್ತಿ ನೋಡುತ್ತ ಬಂದಳು. ಕೆಳಗಿನ ಏಳು ಗದ್ದೆಯಲ್ಲಿ ಏನೂ ಇಲ್ಲ. ನಡುವಿನ ಮೂರರಲ್ಲಿ ಉಂಟು.

"ಮೇಲಿನ ಗದ್ದೆ ಇನ್ನೂ ನೋಡ್ಲಿಲ್ಲ" ಎಂದು ಅವಳು ಹಣೆ ಒರಸಿಕೊಂಡಳು. "ಅದಕ್ಕೆ ಮೊದಲು ಒಂದು ಕೇಳ್ತೇನೆ. ನೆಡುವಾಗ ಯಾರಾದರೂ ನೇಜಿಯ ತುದಿ ಕತ್ತರಿಸಿದ್ದೀರಾ?"

ಸುಪ್ರೀತಾ ಅಮ್ಮಣಿಯ ಮೊಣಕೈಯನ್ನು ಹಿಂದಿನಿಂದ ಬಿಗಿಯಾಗಿ ಹಿಡಿದುಕೊಂಡಳು.

ಮೊದಲು ಬಾಯಿ ಬಿಟ್ಟವನು ಬೋಜ. "ತುದಿ ಗಿದಿ ಬಿಡಿ ಮೇಡಂ. ರೋಗ ಎಲ್ಲಿಂದ ಅಂತ ನಾನು ಹೇಳ್ತೇನೆ." ಅವನ ದೃಷ್ಟಿ ಮೇಲಿನ ಹುಣಿಯಲ್ಲಿ ಕೊಡೆ ಹಿಡಿದು ನಿಂತಿದ್ದ ಮಹಾಗಣಪತಿ ಮಾಷ್ಟ್ರ ಮೇಲಿತ್ತು. "ಅಲ್ಲಿಂದ. ಕೆರೆಯ ಕೊಳಕು ನೀರು ಪಂಪಿನಲ್ಲಿ ಎತ್ತಿ ಬಿಡುವುದು, ಚೀಲಗಟ್ಟಲೆ ಗೊಬ್ಬರ ಸುರಿಯುವುದು, ಉಳಿದದ್ದು ನಮ್ಮ ತಲೆಗೆ!"

ಆ ಎರಡು ಮನೆಗಳ ನಡುವೆ ನೀರಿನ ಜಗಳ ಹಳೆಯದು. ಮಾಷ್ಟ್ರು ಕೊಡೆ ಮಡಚಿದರು. "ಬಾಯಿಗೆ ಬಂದ ಹಾಗೆ ಮಾತಾಡಬೇಡ ಬೋಜ. ನನ್ನ ಗದ್ದೆಗೆ ಇಳಿದು ನೋಡು, ಒಂದು ಎಲೆ ಹಳದಿ ಆಗಿದೆಯಾ ಅಂತ."

"ನೋಡುವುದೆಂತ! ಈಗಲೇ ನಿಮ್ಮ ಕಂಡಿ ಮುಚ್ತೇನೆ. ನೀರು ನಿಂತು ನಿಮ್ಮ ಪೈರೂ ಕೊಳೆಯಲಿ, ಆಗ ಗೊತ್ತಾಗ್ತದೆ."

ಬೋಜ ಹಾರೆ ಎತ್ತಿಕೊಂಡು ಏರಿ ಹತ್ತತೊಡಗಿದ. ಅವಿನಾಶನೂ ಇನ್ನಿಬ್ಬರೂ ಅವನ ಹಿಂದೆ ಹೊರಟರು. ಮಾಷ್ಟ್ರು ಕಂಡಿಗೆ ಅಡ್ಡವಾಗಿ ನಿಂತರು. ತೆಳ್ಳಗಿನ ಮನುಷ್ಯ, ಪಂಚೆ ಮೊಣಕಾಲಿಗೆ ಎತ್ತಿ ಕಟ್ಟಿದ್ದರು. ಬೋಜನ ಹಾರೆ ಸೊಂಟದಿಂದ ಮೇಲೆ ಬಂತು.

"ಬೋಜಣ್ಣ, ನಿಲ್ಲಿ!"

ಅಮ್ಮಣಿಗೆ ತನ್ನ ಧ್ವನಿಯೇ ಬೇರೆಯವರದರಂತೆ ಕೇಳಿಸಿತು. ಸುಪ್ರೀತಾಳ ಕೈ ಬಿಡಿಸಿಕೊಂಡು ಅವಳು ಕೆಸರಿನಲ್ಲೇ ಅಡ್ಡ ಹಾದು ಓಡಿದಳು.

"ಮಾಷ್ಟ್ರದ್ದಲ್ಲ. ತುದಿ ಕೊಯ್ದದ್ದು ನಾನು. ನಿಮಗೆ ಕೊಟ್ಟ ನೇಜಿಯದ್ದೂ, ಅವಿನಾಶನಿಗೆ ಕೊಟ್ಟದ್ದರದ್ದೂ ನಾನೇ ಕೊಯ್ದದ್ದು. ಮೂಲೆಯಲ್ಲಿ ಹಳದಿ ಇದ್ದದ್ದು ನನಗೆ ಕಂಡಿತ್ತು. ಕಂಡೂ ಅದೇ ಕತ್ತಿಯಲ್ಲಿ ಕೊಯ್ದೆ. ಕೆಳಗಿನವರಿಗೆ ಕೊಟ್ಟ ನೇಜಿಗೆ ಕತ್ತಿ ತಾಗಿಸಿರಲಿಲ್ಲ, ಅದಕ್ಕೇ ಅಲ್ಲಿ ಇಲ್ಲ."

ಬೋಜ ತಿರುಗಿ ನಿಂತ. ಹಾರೆ ಹಿಡಿದ ಕೈ ಮೆಲ್ಲಗೆ ಇಳಿಯಿತು.

"ಬೆಳಿಗ್ಗೆ ಕೇಳಿದೆನಲ್ಲ. ಎಲ್ಲಿಂದ ಬಂತು ಅಂತ."

"ಕೇಳಿದಿರಿ."

"ಹೇಳ್ಲಿಲ್ಲ ನೀನು."

"ಹೇಳ್ಲಿಕ್ಕೆ ಆಗ್ಲಿಲ್ಲ ಬೋಜಣ್ಣ."

ಅವನು ಹಾರೆಯನ್ನು ಹೆಗಲಿಗೇರಿಸಿ, ಅವಳನ್ನು ದಾಟಿ, ತನ್ನ ಗದ್ದೆಯ ಕಡೆ ಇಳಿದು ಹೋದ. ಉಳಿದವರಲ್ಲಿ ಒಬ್ಬ, "ನಂಬಿ ತಂದದ್ದಕ್ಕೆ ಒಳ್ಳೆಯ ಉಪಕಾರ" ಎಂದ. ಅಮ್ಮಣಿ ತಲೆಯೆತ್ತಲಿಲ್ಲ. ಸುಪ್ರೀತಾ ಹುಣಿಯಲ್ಲೇ ಕುಳಿತು ಅಳುತ್ತಿದ್ದಳು.

ಶ್ರೀರಂಜಿನಿ ಗಡಿಯಾರ ನೋಡಿದಳು. "ಬೈಯುವುದನ್ನು ಮಳೆ ಮುಗಿದ ಮೇಲೆ ಬೈಯಿರಿ. ಕೈಯಲ್ಲಿ ಇರುವುದು ನಾಳೆ ಸಂಜೆಯವರೆಗಿನ ಹೊತ್ತು. ಅಮ್ಮಣಿಯಕ್ಕ ಹೇಳಿದ್ದರಿಂದ ಒಂದು ಗೊತ್ತಾಯಿತು, ರೋಗ ಈ ಮೂರೇ ಗದ್ದೆಯಲ್ಲಿ ಉಂಟು. ಇಲ್ಲಿಂದ ಒಂದು ಚೊಂಬು ನೀರೂ ಕೆಳಗೆ ಇಳಿಯಬಾರದು."

ಈ ಮೂರು ಗದ್ದೆಗಳ ನೀರು ಬಸಿಯಬೇಕು, ಆದರೆ ಕೆಳಗಿನ ಗದ್ದೆಗಳ ಮೂಲಕ ಅಲ್ಲ. ಪೂರ್ವದ ಅಂಚಿನಲ್ಲಿ ಹೊಸ ಚರಂಡಿ ತೋಡಿ ನೇರ ತೋಡಿಗೆ ಸೇರಿಸಬೇಕು. ಆ ಅಂಚು ಉದ್ದಕ್ಕೂ ಮಾಷ್ಟ್ರದು. ಅಲ್ಲಿ ಅವರು ಹಾಕಿದ್ದ ಅಲಸಂಡೆ ಬಳ್ಳಿ ಹೂಬಿಟ್ಟು ನಿಂತಿತ್ತು.

ಎಲ್ಲರೂ ಮಾಷ್ಟ್ರ ಮುಖ ನೋಡಿದರು. ಆಗಷ್ಟೇ ಅವರ ಮೇಲೆ ಹಾರೆ ಎತ್ತಿದವರು ಅದೇ ಜನ. ಮಾಷ್ಟ್ರು ಅಲಸಂಡೆ ಬಳ್ಳಿಯ ಉದ್ದಕ್ಕೂ ಕಣ್ಣಾಡಿಸಿದರು. ಕೊನೆಗೆ ಅಮ್ಮಣಿಯ ಕಡೆ ತಿರುಗಿ, "ನೀನು ಸುಮ್ಮನಿದ್ದಿದ್ದರೆ ಇವತ್ತು ನನ್ನ ತಲೆ ಒಡೀತಿತ್ತು" ಎಂದರು. ಮತ್ತೆ ಉಳಿದವರಿಗೆ, "ಅಗೆಯಿರಿ. ಅಲಸಂಡೆ ಹೋದರೆ ಹೋಗಲಿ. ಆದರೆ ಮಳೆಗಾಲ ಕಳೆದ ಮೇಲೆ ಅಂಚು ಮೊದಲಿದ್ದ ಹಾಗೆ ಆಗಬೇಕು" ಎಂದರು.

ಆ ಮಧ್ಯಾಹ್ನದಿಂದ ಮರುದಿನ ಸಂಜೆವರೆಗೆ ಕೆದುಬೈಲಿನಲ್ಲಿ ಕೆಲಸ ನಿಲ್ಲಲಿಲ್ಲ. ಗಂಡಸರು ಚರಂಡಿ ಅಗೆದರು. ಕುಂಞ ಬಂದ್ಯೋಡಿನಿಂದ ಬ್ಲೀಚಿಂಗ್ ಪೌಡರ್ ತಂದ. ಹೆಂಗಸರು ಹಳೆ ಪಂಚೆ ಹರಿದು ಅದನ್ನು ಸಣ್ಣ ಸಣ್ಣ ಗಂಟು ಕಟ್ಟಿದರು. ನೀರು ದಾಟುವ ಪ್ರತಿ ಕಂಡಿಯಲ್ಲೂ ಒಂದೊಂದು ಗಂಟನ್ನು ಗೂಟಕ್ಕೆ ಕಟ್ಟಿ ನೀರಿನಲ್ಲಿ ಮುಳುಗಿಸಿ ಇಟ್ಟರು. ನೀರು ಅದನ್ನು ತೊಳೆದುಕೊಂಡೇ ಮುಂದೆ ಹೋಗಬೇಕು. ಗೇರು ತೋಟಗಳಿಗೆ ಸಿಂಪಡಿಸಿದ ವಿಷಕ್ಕೆ ಊರೂರೇ ನರಳಿದ ಈ ಜಿಲ್ಲೆಯಲ್ಲಿ ಮದ್ದು ಹೊಡೆಯುವ ಮಾತನ್ನು ಯಾರೂ ಸುಲಭವಾಗಿ ಎತ್ತುವುದಿಲ್ಲ. ಶ್ರೀರಂಜಿನಿ ಹೇಳಿದ್ದು ಹಸಿ ಸೆಗಣಿ: ಐವತ್ತು ಲೀಟರ್ ನೀರಿಗೆ ಒಂದು ಕಿಲೋ ಕಲಸಿ, ತಿಳಿಯಾದ ಮೇಲೆ ಬಟ್ಟೆಯಲ್ಲಿ ಸೋಸಿ, ಮೇಲಿನ ತಿಳಿಯನ್ನು ಪೈರಿಗೆ ಸಿಂಪಡಿಸುವುದು.

ಅಮ್ಮಣಿಗೆ ಬೇರೆ ಕೆಲಸ ಇತ್ತು. ಅವಳ ಗದ್ದೆಯಲ್ಲೇ ರೋಗ ಹೆಚ್ಚು. ಬಾಡಿದ್ದನ್ನು ಮಾತ್ರ ಕಿತ್ತರೆ ಸಾಲದು, ಅದರ ಸುತ್ತ ಇರುವ ಹಸುರು ಬುಡಗಳನ್ನೂ ಕೀಳಬೇಕು ಎಂದು ಶ್ರೀರಂಜಿನಿ ಹೇಳಿದ್ದಳು. ಗುಂಪಿನ ನಾಲ್ವರೂ ಅವಳ ಜೊತೆ ಇಳಿದರು. ನೆಟ್ಟು ಒಂದು ತಿಂಗಳಾಗದ, ಬುಡದಿಂದ ಹೊಸ ತೆಂಡೆ ಒಡೆದು ದುಂಡಗಾಗುತ್ತಿದ್ದ ಪೈರು. ಒಂದೊಂದು ಬುಡ ಕೀಳುವಾಗಲೂ ಬೇರು ಕೆಸರನ್ನು ಬಿಡುವ ಸದ್ದು ಅವಳ ಕಿವಿಗೆ ಬೇರೆಯೇ ಕೇಳುತ್ತಿತ್ತು. ಕಿತ್ತದ್ದನ್ನು ಗೋಣಿಯಲ್ಲಿ ತುಂಬಿ ಗುಡ್ಡೆಗೆ ಒಯ್ದು ಹೊಂಡದಲ್ಲಿ ಹೂಳಿದರು. ಕೆಳಗೆ ಬೋಜ ಒಬ್ಬನೇ ತನ್ನ ಗದ್ದೆಯಲ್ಲಿ ಬಗ್ಗಿ ಕೀಳುತ್ತಿದ್ದ. ಸುಪ್ರೀತಾ ಸಹಾಯಕ್ಕೆ ಹೋದಾಗ ಕೈಬೀಸಿ ವಾಪಸು ಕಳಿಸಿದ.

ಎರಡನೇ ದಿನ ಸಂಜೆ ಐದಕ್ಕೆ ಚರಂಡಿ ತೋಡಿಗೆ ಸೇರಿತು. ಆರಕ್ಕೆ ಪಡುವಣದ ಆಕಾಶ ಕಪ್ಪಾಯಿತು.

ಮಳೆ ಮೂರು ದಿನ ಬಿಡದೆ ಹೊಡೆಯಿತು. ಎರಡನೇ ದಿನ ಬೆಳಿಗ್ಗೆ ಅಮ್ಮಣಿ ಕೊಡೆ ಬಿಟ್ಟು ಬೆನ್ನು ಮುಚ್ಚುವ ಓಲೆಯ ಗೊರಬೆ ಹೊದ್ದುಕೊಂಡು ಹೋದಾಗ ಬೋಜನ ಗದ್ದೆಗೂ ಅವಿನಾಶನ ಗದ್ದೆಗೂ ನಡುವಿನ ಹುಣಿ ಒಂದು ಕಡೆ ಜರಿಯುತ್ತಿತ್ತು. ಅದರಾಚೆ ಅವಿನಾಶನದು, ಅದರಾಚೆ ಇನ್ನೂ ಏಳು ಗದ್ದೆ. ಅವಳು ಒಬ್ಬಳೇ ಕೆಸರು ಎತ್ತಿ ಒತ್ತತೊಡಗಿದಳು. ಒತ್ತಿದ್ದು ಒತ್ತಿದ ಹಾಗೇ ಕೊಚ್ಚಿ ಹೋಗುತ್ತಿತ್ತು. ಕೊನೆಗೆ ತಾನೇ ಅಡ್ಡ ಕುಳಿತು, ಬೆನ್ನಿನಿಂದ ನೀರನ್ನು ತಡೆದು, ಕೂಗಿದಳು. ಗಾಳಿಯಲ್ಲಿ ಕೂಗು ಎಲ್ಲಿಗೂ ತಲುಪುವಂತಿರಲಿಲ್ಲ.

ಎಷ್ಟು ಹೊತ್ತಾಯಿತೋ, ಒಂದು ಮರಳಿನ ಚೀಲ ಅವಳ ಪಕ್ಕದಲ್ಲಿ ಬಿತ್ತು. ಮತ್ತೊಂದು ಬಿತ್ತು. ಬೋಜ. ಅವನು ಅವಳ ಮುಖ ನೋಡದೆ ನಾಲ್ಕು ಚೀಲ ಇಟ್ಟು, ಕಾಲಿನಿಂದ ಮೆಟ್ಟಿ ಗಟ್ಟಿ ಮಾಡಿದ. ಅವಳು ಎದ್ದಳು. ಅವನು ಹೊರಟುಹೋದ.

ಮಳೆ ನಿಂತ ಮೇಲೆ ಲೆಕ್ಕ ತಿಳಿಯಿತು. ಅಮ್ಮಣಿಯ ಗುಂಪಿನ ಗದ್ದೆಯ ಬೆಳೆಯಲ್ಲಿ ಮೂರರಲ್ಲಿ ಎರಡು ಪಾಲು ಹೋಗಿತ್ತು. ಬೋಜನದು ಕಾಲು ಪಾಲು. ಅವಿನಾಶನದು ಅದಕ್ಕಿಂತ ಸ್ವಲ್ಪ ಕಡಿಮೆ. ಕೆಳಗಿನ ಏಳು ಗದ್ದೆಗೆ ರೋಗ ಇಳಿಯಲಿಲ್ಲ. ಕೊಯ್ಲಿನಲ್ಲಿ ಅಲ್ಲಿಯ ತೆನೆ ತಲೆಬಾಗಿ ನಿಂತದ್ದನ್ನು ನೋಡಿ ಶ್ರೀರಂಜಿನಿ ಅಮ್ಮಣಿಯ ಹೆಗಲು ತಟ್ಟಿದಳು. ಅಮ್ಮಣಿಗೆ ನಗು ಬರಲಿಲ್ಲ. ಗುಂಪಿನ ನಾಲ್ಕು ಮನೆಯ ಹೆಂಗಸರ ಒಂದು ಬೆಳೆ ತನ್ನ ಕೈಯಿಂದ ಹೋಯಿತಲ್ಲ ಎಂಬುದು ಒಳಗೆ ಹಾಗೇ ಕೂತಿತ್ತು.

ವರ್ಷದ ಎರಡನೇ ಬೆಳೆಯಾದ ಸುಗ್ಗಿಗೆ ಮೂರು ಮನೆಯವರು ಅವಳ ನೇಜಿ ಬೇಡ ಎಂದರು. ಅವಳು ಏಕೆ ಎಂದು ಕೇಳಲಿಲ್ಲ. ಉಳಿದವರಿಗೆ ಬೀಜವನ್ನು ರೋಗ ತಡೆಯುವ ಸ್ಯೂಡೋಮೋನಾಸ್ ಪುಡಿ ಕಲಸಿದ ನೀರಿನಲ್ಲಿ ನೆನೆಸಿ, ನೇಜಿ ಹಾಕಿ, ಒಯ್ಯಲು ಬಂದವರ ಎದುರೇ ಸೂಡಿ ಬಿಚ್ಚಿ ಎಲೆ ತೋರಿಸಿ ಕೊಟ್ಟಳು. ಬೋಜ ಬೇರೆಲ್ಲಿಂದಲೋ ನೇಜಿ ತಂದು ನೆಟ್ಟ. ಎದುರು ಸಿಕ್ಕರೆ ಹುಣಿ ಬಿಟ್ಟು ಇಳಿದು ಹೋಗುತ್ತಿದ್ದ.

ಸುಗ್ಗಿಯೂ ಕೊಯ್ದು, ಗದ್ದೆಯಲ್ಲಿ ಉಳಿದ ಪಸೆಗೆ ಎಲ್ಲರೂ ಉದ್ದು ಬಿತ್ತಿದ್ದರು. ಫೆಬ್ರವರಿಯ ಒಂದು ಬೆಳಿಗ್ಗೆ ಅಮ್ಮಣಿ ಅಂಗಳ ಗುಡಿಸುತ್ತಿದ್ದಾಗ ಬೋಜ ಗೇಟಿನ ಹೊರಗೆ ಬಂದು ನಿಂತ. ಕೈಯಲ್ಲಿ ಒಂದು ಉದ್ದಿನ ಗಿಡ.

"ಇದು ಎಂತ ನೋಡು."

ಎಲೆಗಳಲ್ಲಿ ಹಳದಿ ಮತ್ತು ಹಸುರು ಚುಕ್ಕೆ ಚುಕ್ಕೆಯಾಗಿ ಬೆರೆತಿದ್ದವು. ಅಮ್ಮಣಿ ಪೊರಕೆ ಕೆಳಗಿಟ್ಟು, ಎಲೆ ಮಗುಚಿ ಅಡಿಯಲ್ಲಿ ನೋಡಿದಳು. ಹಿಟ್ಟು ಉದುರಿದಂತೆ ಎರಡು ಬಿಳಿ ನೊಣ ಹಾರಿದವು.

"ಹಳದಿ ನಂಜು ಬೋಜಣ್ಣ. ಈ ಬಿಳಿ ನೊಣ ತರುವುದು. ಎಷ್ಟು ಗಿಡಕ್ಕೆ ಉಂಟು?"

"ಆರೋ ಏಳೋ."

"ಹಾಗಾದರೆ ಈಗಲೇ ಕಿತ್ತು ಸುಟ್ಟುಬಿಡಿ. ಒಂದು ವಾರ ಬಿಟ್ಟರೆ ಬಯಲಿಗೇ ಹರಡ್ತದೆ."

ಬೋಜ ತಲೆಯಾಡಿಸಿದ, ಆದರೆ ಹೋಗಲಿಲ್ಲ. ಗೇಟಿನ ಚಿಲಕವನ್ನು ಸುಮ್ಮನೆ ಮುಟ್ಟುತ್ತ ನಿಂತ.

"ನನ್ನ ಕಣ್ಣು ಈಗ ಮೊದಲಿನ ಹಾಗೆ ಇಲ್ಲ" ಎಂದ. "ಹಳದಿ ಯಾವುದು, ಬಿಸಿಲಿಗೆ ಹೊಳೆಯುವುದು ಯಾವುದು ಅಂತ ಗೊತ್ತಾಗುವುದಿಲ್ಲ."

"ಒಂದು ನಿಮಿಷ ನಿಲ್ಲಿ" ಎಂದು ಅಮ್ಮಣಿ ಒಳಗೆ ಹೋಗಿ ಚಪ್ಪಲಿ ಮೆಟ್ಟಿಕೊಂಡು ಬಂದಳು. ಇಬ್ಬರೂ ಬಿಸಿಲೇರುವ ಮೊದಲು ಉದ್ದಿನ ಗದ್ದೆ ತಲುಪಬೇಕೆಂದು ಬೇಗ ಬೇಗ ನಡೆದರು. ಅಲ್ಲಿ ನೋಡಿದರೆ ಹಳದಿ ಗಿಡ ಆರಲ್ಲ, ಹದಿನಾಲ್ಕು ಇದ್ದವು. ಅಮ್ಮಣಿ ತೋರಿಸಿದಳು, ಬೋಜ ಕಿತ್ತ.